ಹನ್ನೆರಡು ಕ್ಯಾನ್ವಾಸ್, ಒಂದು ರೆಸಾರ್ಟ್, ‘ಎಲ್ಲ ಹಕ್ಕುಗಳೂ ನಮ್ಮವು’: ಒಪ್ಪಿಕೊಳ್ಳಬಹುದೇ?

ತುಂಗಾತೀರ

ನಾನು ಶಿವಮೊಗ್ಗದವನು, ದಾವಣಗೆರೆಯಲ್ಲಿ ಚಿತ್ರಕಲೆ ಕಲಿತವನು. ಕೆಲಸ ಹೆಚ್ಚಾಗಿ ಅಕ್ರಿಲಿಕ್‌ನಲ್ಲಿ. ವಾರಾಂತ್ಯಕ್ಕೆ ಮಕ್ಕಳ ತರಗತಿ, ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ, ನಡುವೆ ಯಾರಾದರೂ ಬರೆಸುವ ಭಾವಚಿತ್ರ, ಇವುಗಳಿಂದ ಸಂಸಾರ ನಡೆಯುತ್ತಿದೆ.

ಈಗ ಚಿಕ್ಕಮಗಳೂರಿನ ಬಳಿ ಕಟ್ಟುತ್ತಿರುವ ಒಂದು ರೆಸಾರ್ಟ್‌ನವರು ಬಂದಿದ್ದಾರೆ. ಹನ್ನೆರಡು ಕೋಣೆಗೆ ಹನ್ನೆರಡು ಚಿತ್ರ, ಪ್ರತಿಯೊಂದೂ ಮೂರು ಅಡಿಗೆ ನಾಲ್ಕು ಅಡಿ. ಕಾಫಿ ತೋಟ, ಮಂಜು, ಮಳೆ ಇವೇ ವಸ್ತು. ಫ್ರೇಮು, ಸಾಗಣೆ ಎಲ್ಲ ಸೇರಿ 3 ಲಕ್ಷ ರೂಪಾಯಿ. ನಾಲ್ಕು ತಿಂಗಳ ಗಡುವು. ಒಳಾಂಗಣ ವಿನ್ಯಾಸಕರು ಪರದೆ ಬಟ್ಟೆಯ ತುಂಡೊಂದನ್ನು ಕೊರಿಯರ್ ಮಾಡಿದ್ದಾರೆ: ಬೂದು ಬೆರೆತ ನೀಲಿ, ಜೊತೆಗೆ ಸಾಸಿವೆ ಹಳದಿ. ಚಿತ್ರ ಇದಕ್ಕೆ ಹೊಂದಬೇಕಂತೆ. ಕರಾರಿನ ಕೊನೆಯಲ್ಲಿ ‘ಕೃತಿಸ್ವಾಮ್ಯವೂ ಸೇರಿದಂತೆ ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಮ್ಮವು’ ಎಂಬ ಸಾಲಿದೆ.

ದುಡ್ಡು ಬೇಕು, ಸುಳ್ಳೇಕೆ ಹೇಳಲಿ. ಆದರೆ ಪರದೆಗೆ ತಕ್ಕಂತೆ ಬಣ್ಣ ಹಚ್ಚುವವನು ಚಿತ್ರಕಾರನೋ, ಪರದೆ ಅಂಗಡಿಯವನ ತಮ್ಮನೋ? ಬೆಲೆ ಸರಿಯಿದೆಯೇ? ಆ ಕೊನೆಯ ಸಾಲಿಗೆ ಸಹಿ ಹಾಕಬಹುದೇ? ಬಲ್ಲವರು ಹೇಳಿ.

ಏಳನೇ ಕುದುರೆ

ಪರದೆಯ ಬಣ್ಣವನ್ನಷ್ಟೇ ಹೇಳಿದ್ದಾರೆ, ಕುದುರೆಗಳ ಸಂಖ್ಯೆಯನ್ನು ಹೇಳಿಲ್ಲವಲ್ಲ, ನೀವು ಪುಣ್ಯವಂತರು. ನನ್ನ ಗಿರಾಕಿಗಳಿಗೆ ಬೇಕಾದದ್ದು ಓಡುವ ಏಳು ಬಿಳಿ ಕುದುರೆಗಳು. ಅವು ಯಾವ ದಿಕ್ಕಿಗೆ ಓಡಬೇಕೆಂಬುದನ್ನು ವಾಸ್ತು ಪಂಡಿತರು ಮೊದಲೇ ತೀರ್ಮಾನಿಸಿರುತ್ತಾರೆ. ಕುದುರೆಗಳ ದುಡ್ಡಿನಲ್ಲಿ ಮನೆ ಬಾಡಿಗೆ ಕಟ್ಟುತ್ತೇನೆ, ಉಳಿದ ಹೊತ್ತಿನಲ್ಲಿ ನನಗೆ ಬೇಕಾದದ್ದನ್ನು ಬರೆಯುತ್ತೇನೆ. ಉಳಿದ ಹೊತ್ತು ಎಂಬುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ, ಅದೊಂದೇ ತೊಂದರೆ.

ಗದಗಿನ ಡ್ರಾಯಿಂಗ್ ಮೇಷ್ಟ್ರು

ತಮ್ಮಾ, ಪರದೆಯ ತುಂಡು ಕಳಿಸಿದ್ದರಿಂದ ಕಲೆ ಕೆಡುವುದಿಲ್ಲ. ಬರೆಸುವವರಿಲ್ಲದೆ ಬರೆದ ಚಿತ್ರಗಳ ಚರಿತ್ರೆ ಬಹಳ ಚಿಕ್ಕದು. ಮೈಸೂರು ಶೈಲಿಯ ಚಿತ್ರಕಾರನಿಗೆ ದೇವತೆಯ ಮೈಬಣ್ಣ, ಕೈಗಳ ಲೆಕ್ಕ, ಆಯುಧ, ವಾಹನ ಎಲ್ಲವನ್ನೂ ಧ್ಯಾನಶ್ಲೋಕವೇ ಹೇಳಿಬಿಡುತ್ತಿತ್ತು. ಆದರೂ ಒಬ್ಬನ ಸರಸ್ವತಿ ಇನ್ನೊಬ್ಬನ ಸರಸ್ವತಿಯಂತೆ ಇಲ್ಲ.

ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರನ್ನು ನೋಡು. 1916ರಲ್ಲಿ ಹುಟ್ಟಿದವರು. ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಹಾಲಿವುಡ್ ಸಿನಿಮಾಗಳಿಗೆ ಷೋಕಾರ್ಡ್ (ಚಿತ್ರಮಂದಿರದಲ್ಲಿ ಇಡುವ ಜಾಹೀರಾತು ಚಿತ್ರ) ಬರೆದರು, ಹಿಂದಿ ಸಿನಿಮಾಗಳ ಪೋಸ್ಟರ್ ಬರೆದರು, ಆಮೇಲೆ ಕಂಪನಿಗಳ ಕ್ಯಾಲೆಂಡರ್‌ಗಳ ಮೂಲಕ ಮನೆ ಮನೆಯ ಗೋಡೆಗೆ ಬಂದರು. ‘ಕ್ಯಾಲೆಂಡರ್ ಕಲಾವಿದ’ ಎಂದು ಮೂಗು ಮುರಿದವರಿದ್ದಾರೆ. ಆದರೆ ಅವರ ಪುರಾಣದ ನಾಯಕರ ಮೇಲೆ ಬೀಳುವ ಬೆಳಕನ್ನು ಗಮನಿಸು. ಅದು ಸಿನಿಮಾ ಸ್ಟುಡಿಯೋದ ಬೆಳಕು. ಹೊಟ್ಟೆಪಾಡಿಗೆಂದು ಕಲಿತದ್ದನ್ನು ದೇವರ ಚಿತ್ರಕ್ಕೆ ತಂದು ಬೆಸೆದರು. ಷೋಕಾರ್ಡ್ ಬರೆಯದೆ ಹೋಗಿದ್ದರೆ ಆ ಬೆಳಕು ಅವರಿಗೆ ಸಿಗುತ್ತಿತ್ತೇ ಎಂದು ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ.

ಬೂದುನೀಲಿ ಮತ್ತು ಸಾಸಿವೆ ಎರಡೇ ಬಣ್ಣದಲ್ಲಿ ಹನ್ನೆರಡು ಬಗೆಯ ಮಳೆ ಬರೆಯಲು ಸಾಧ್ಯವೇ? ಅದು ನಿನಗೆ ಸವಾಲಾಗಿ ಕಂಡರೆ ಒಪ್ಪಿಕೋ. ಶಿಕ್ಷೆಯಾಗಿ ಕಂಡರೆ ಬಿಡು. ಬೆಲೆ, ಹಕ್ಕುಗಳ ವಿಚಾರ ನನಗೆ ತಿಳಿಯದು. ಸಂಬಳದ ಮೇಲೆ ಬದುಕಿದವನು ನಾನು.

ಸಂಜೆ ಜಲವರ್ಣ

ಹಗಲು ಲೆಕ್ಕಪತ್ರದ ಕೆಲಸ, ಸಂಜೆ ಜಲವರ್ಣ, ಹೀಗಾಗಿ ಬೆಲೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಿಮ್ಮ ಊರಿನ ದರ ನನಗೆ ಗೊತ್ತಿಲ್ಲ, ಅಂದಾಜು ಹಾಕುತ್ತೇನೆ, ತಿದ್ದಿಕೊಳ್ಳಿ.

3 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ಚಿತ್ರಕ್ಕೆ 25,000. ಅದರಲ್ಲಿ ಸ್ಟ್ರೆಚರ್ ಎಂಬ ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಒಳ್ಳೆಯ ಕ್ಯಾನ್ವಾಸ್‌ಗೆ 2,500, ಬಣ್ಣ ಮತ್ತು ವಾರ್ನಿಷ್‌ಗೆ 2,000, ಫ್ರೇಮಿಗೆ 4,000, ಪ್ಯಾಕಿಂಗ್ ಮತ್ತು ಸಾಗಣೆಗೆ 1,000 ಎಂದುಕೊಳ್ಳಿ. 9,500 ಹೋಯಿತು, ಉಳಿದದ್ದು 15,500. ಹನ್ನೆರಡು ಚಿತ್ರಕ್ಕೆ 1,86,000. ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 46,500. ಸ್ಟುಡಿಯೋ ಬಾಡಿಗೆ, ವಿದ್ಯುತ್ ಎಂದು 10,000 ಕಳೆದರೆ 36,500. ಇಷ್ಟು ಕೆಲಸದ ನಡುವೆ ಮಕ್ಕಳ ತರಗತಿ ನಡೆಸಲು ಆಗುತ್ತದೆಯೇ? ಆಗದಿದ್ದರೆ ಆ ವರಮಾನವನ್ನೂ ಇದರಿಂದ ಕಳೆಯಬೇಕು. ವಿನ್ಯಾಸಕರು ಎರಡು ಚಿತ್ರಗಳನ್ನು ಮತ್ತೆ ಬರೆಯಿರಿ ಎಂದರೆ ಐದನೇ ತಿಂಗಳು ಬರುತ್ತದೆ, ದುಡ್ಡು ಅಷ್ಟೇ ಇರುತ್ತದೆ.

ನನ್ನ ಅಭಿಪ್ರಾಯದಲ್ಲಿ ಕೇವಲ ಹನ್ನೆರಡು ಚಿತ್ರಗಳಿಗಾದರೆ ಇದು ತೀರಾ ಕೆಟ್ಟ ಬೆಲೆಯೇನಲ್ಲ. ಆದರೆ ‘ಎಲ್ಲ ಹಕ್ಕು’ಗಳಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ. ಫ್ರೇಮು, ಸಾಗಣೆಯನ್ನು ಒಟ್ಟು ಬೆಲೆಯಿಂದ ಹೊರಗಿಡಿ, ಅವರೇ ನೇರವಾಗಿ ಕೊಡಲಿ. ಮರದ ಬೆಲೆ ಏರಿದರೆ ಆ ಪೆಟ್ಟು ನಿಮ್ಮ ಮೇಲೇಕೆ ಬೀಳಬೇಕು?

ಇನ್ನೊಂದು ಮಾತು. ಬಹಳ ಜನ ಚದರ ಅಂಗುಲದ ಲೆಕ್ಕದಲ್ಲಿ ಬೆಲೆ ಹಾಕುತ್ತಾರೆ. ಅಂಗುಲಕ್ಕೆ 15 ರೂಪಾಯಿ ಎಂದರೆ 36ಕ್ಕೆ 48 ಅಂಗುಲದ ಚಿತ್ರಕ್ಕೆ 25,920 ಆಗುತ್ತದೆ, 8ಕ್ಕೆ 10ರ ಚಿತ್ರಕ್ಕೆ ಬರೀ 1,200. ಚಿಕ್ಕ ಚಿತ್ರಕ್ಕೆ ತಗಲುವ ಯೋಚನೆ ಇಪ್ಪತ್ತರಲ್ಲಿ ಒಂದು ಪಾಲಲ್ಲ. ಉದ್ದ ಮತ್ತು ಅಗಲವನ್ನು ಕೂಡಿಸಿ ಅದಕ್ಕೆ ದರ ಕಟ್ಟಿ ನೋಡಿ. 300 ರೂಪಾಯಿ ದರವಾದರೆ ದೊಡ್ಡದಕ್ಕೆ 25,200, ಚಿಕ್ಕದಕ್ಕೆ 5,400. ಚಿತ್ರಸಂತೆಯಲ್ಲಿ ಚಿಕ್ಕ ಚಿತ್ರಗಳೇ ಹೆಚ್ಚು ಹೋಗುವುದರಿಂದ ವರ್ಷದ ಕೊನೆಗೆ ಇದರ ಗುಣ ಕಾಣುತ್ತದೆ.

ಖಾಲಿ ಗೋಡೆ

5,400 ಎಂದರೆ ನನ್ನಂಥ ಗಿರಾಕಿ ಮುಂದಿನ ಮಳಿಗೆಗೆ ನಡೆಯುತ್ತಾನೆ, ಮೇಡಂ. ಚಿತ್ರಸಂತೆ ನಡೆಯುವ ಕುಮಾರಕೃಪಾ ರಸ್ತೆಯಲ್ಲಿ ಮುಂದಿನ ಮಳಿಗೆ ಎಂಬುದು ಎರಡೇ ಹೆಜ್ಜೆ.

ಸಂಜೆ ಜಲವರ್ಣ

ನಡೆಯಲಿ. ಒಂದು ಚಿತ್ರವನ್ನು ಒಬ್ಬರು ಕೊಂಡರೆ ಸಾಕು, ರಸ್ತೆಯಲ್ಲಿರುವ ಎಲ್ಲರೂ ಕೊಳ್ಳಬೇಕಿಲ್ಲ. ಮಧ್ಯಾಹ್ನ ಮೂರರ ನಂತರ ಬೋಣಿಯಾಗದ ಆತಂಕದಲ್ಲಿ ಅರ್ಧ ಬೆಲೆಗೆ ಇಳಿಯುವವರನ್ನು ಕಂಡಿದ್ದೇನೆ. ಬೆಳಿಗ್ಗೆ ಪೂರ್ತಿ ಬೆಲೆ ಕೊಟ್ಟವರು ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ ಎಂಬುದನ್ನು ಅವರು ಯೋಚಿಸುವುದಿಲ್ಲ.

ಕಲಂ ಹದಿನೇಳು

ವೃತ್ತಿಯಿಂದ ವಕೀಲ. ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ, ಮುಖ್ಯ ಸಂಗತಿಯನ್ನು ಯಾರೂ ಎತ್ತದ್ದರಿಂದ ಬರೆಯುತ್ತಿದ್ದೇನೆ.

ಕರಾರಿನ ಆ ಕೊನೆಯ ಸಾಲನ್ನು ಹೊಡೆದು ಹಾಕಿಸಿದರೆ ಹಕ್ಕು ತಮ್ಮಲ್ಲಿ ಉಳಿಯುತ್ತದೆ ಎಂದು ಬಹಳಷ್ಟು ಕಲಾವಿದರು ನಂಬಿದ್ದಾರೆ. ಉಳಿಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹೇಳಿ, ಹಣ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದೇ. ಕಾಗದ ಮೌನವಾಗಿದ್ದರೆ ರೆಸಾರ್ಟ್ ಗೆದ್ದಂತೆ. ನೀವೇ ಮನಸ್ಸಿಗೆ ಬಂದಂತೆ ಬರೆದಿಟ್ಟ ಚಿತ್ರವನ್ನು ಆಮೇಲೆ ಯಾರೋ ಕೊಂಡರೆ ಮಾತ್ರ ಕೃತಿಸ್ವಾಮ್ಯ ನಿಮ್ಮಲ್ಲೇ ಇರುತ್ತದೆ, ಕೊಂಡವರಿಗೆ ಕ್ಯಾನ್ವಾಸ್ ಸಿಗುತ್ತದೆ ಅಷ್ಟೆ. ಬರೆಸಿದ ಚಿತ್ರವಾದ್ದರಿಂದ ನಿಮ್ಮ ಕರಾರಿನಲ್ಲಿ ‘ಕೃತಿಸ್ವಾಮ್ಯ ಚಿತ್ರಕಾರನದು’ ಎಂದು ಬಾಯಿಬಿಟ್ಟು ಬರೆಸಲೇಬೇಕು.

ಅವರಿಗೆ ನಿಜವಾಗಿ ಏನು ಬೇಕೆಂದು ಕೇಳಿ. ಕೋಣೆಯ ಫೋಟೊದಲ್ಲಿ ಚಿತ್ರ ಕಾಣಬೇಕು, ಜಾಲತಾಣದಲ್ಲಿ, ಕರಪತ್ರದಲ್ಲಿ ಹಾಕಬೇಕು, ಅಷ್ಟೇ ಇರಬಹುದು. ಅದಕ್ಕೆ ಪರವಾನಗಿ ಕೊಡಿ. ಕಪ್ಪು, ಟೀ ಶರ್ಟ್, ಡೈರಿಯ ಮೇಲೆ ಮುದ್ರಿಸಿ ಮಾರುವುದಿದ್ದರೆ ಅದು ಬೇರೆ ಪರವಾನಗಿ, ಬೇರೆ ಹಣ. ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂಬುದನ್ನು ಬರೆಯಿರಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ತಿಳಿಯುತ್ತದೆ. ‘ಶಾಶ್ವತವಾಗಿ’ ಎಂಬ ಪದ ನಿಮ್ಮ ಕರಾರಿಗೆ ಸುಮ್ಮನೆ ಬಂದದ್ದಲ್ಲ.

ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟರೂ 57ನೇ ಕಲಂ ನಿಮ್ಮ ಬೆನ್ನಿಗಿರುತ್ತದೆ. ಕೃತಿ ನಿಮ್ಮದೆಂದು ಹೇಳಿಕೊಳ್ಳುವ ಹಕ್ಕು, ಅದನ್ನು ವಿರೂಪಗೊಳಿಸಿ ನಿಮ್ಮ ಹೆಸರಿಗೆ ಕುಂದು ತಂದರೆ ಪ್ರಶ್ನಿಸುವ ಹಕ್ಕು ಎರಡೂ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಸೆಹಗಲ್ ಮೊಕದ್ದಮೆ ಹೂಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೆ ಹಿಂದಿರುಗಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಸರ್ಕಾರಕ್ಕೆ ಹೇಳಿತು. ಹಾಗೆಂದು ರೆಸಾರ್ಟ್‌ನವರು ನಿಮ್ಮ ಚಿತ್ರವನ್ನು ತೆಗೆದು ಉಗ್ರಾಣದಲ್ಲಿಟ್ಟರೆ ಅದೇ ಆಧಾರದ ಮೇಲೆ ದೂರು ಕೊಡಲು ಹೋಗಬೇಡಿ. ಚಿತ್ರವನ್ನು ಪ್ರದರ್ಶಿಸದಿರುವುದಷ್ಟೇ ಉಲ್ಲಂಘನೆಯಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ತುಂಗಾತೀರ

ವಕೀಲರೇ, ಭಾವಚಿತ್ರಗಳಿಗೂ ಇದೇ ನಿಯಮವೇ? ಹಾಗಾದರೆ ನಾನು ಬರೆದುಕೊಟ್ಟ ಅಜ್ಜ ಅಜ್ಜಿಯರೆಲ್ಲ ಅವರವರ ಮೊಮ್ಮಕ್ಕಳ ಸ್ವತ್ತು.

ಕಲಂ ಹದಿನೇಳು

ಹೌದು. ನಿಮ್ಮ ಪ್ರಚಾರಕ್ಕಾಗಿ ಆ ಭಾವಚಿತ್ರಗಳನ್ನು ಜಾಲತಾಣದಲ್ಲಿ ಹಾಕಿಕೊಳ್ಳಬೇಕಾದರೂ ಮೊದಲೇ ಒಂದು ಸಾಲಿನ ಒಪ್ಪಿಗೆ ಬರೆಸಿಕೊಂಡಿರುವುದು ಒಳ್ಳೆಯದು. ಮುಂಗಡದ ರಸೀದಿಯ ಹಿಂಬದಿ ಸಾಕು.

ಏಳನೇ ಕುದುರೆ

ರವಿವರ್ಮನಿಗೆ ಇಂಥ ವಕೀಲರು ಸಿಕ್ಕಿದ್ದರೆ! ಚಿತ್ರಕಾರನಾಗಿದ್ದೂ ವ್ಯಾಪಾರ ಬಲ್ಲವನೆಂದು ಎಲ್ಲರೂ ಅವನ ಹೆಸರನ್ನೇ ಹೇಳುತ್ತಾರೆ. ಅರಮನೆಗೆ ಮೂಲಚಿತ್ರ, ಬಡವರ ಮನೆಗೆ ಅಚ್ಚಿನ ಪ್ರತಿ, ಎರಡೂ ಕಡೆ ಗೆದ್ದ ಬುದ್ಧಿವಂತ.

ಗದಗಿನ ಡ್ರಾಯಿಂಗ್ ಮೇಷ್ಟ್ರು

ಅದರಲ್ಲಿ ಅರ್ಧ ನಿಜ. ಅರಮನೆಗಳ ವ್ಯವಹಾರದಲ್ಲಿ ಅವರು ನಿಜಕ್ಕೂ ಜಾಣರು. ತಿರುವಾಂಕೂರು, ಬರೋಡಾ, ಮೈಸೂರು ಹೀಗೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಓಡಾಡಿ ಕೆಲಸ ಹಿಡಿದರು. ಜೊತೆಗೆ ತಮ್ಮ ರಾಜರಾಜವರ್ಮ ಇದ್ದರು. ಪ್ರಯಾಣ, ಪತ್ರವ್ಯವಹಾರ ನೋಡಿಕೊಂಡು, ಹಿನ್ನೆಲೆಯ ನಿಸರ್ಗಚಿತ್ರಕ್ಕೂ ಕೈ ಹಾಕಿ, ದಿನಚರಿಯನ್ನೂ ಬರೆದಿಟ್ಟವರು ಅವರು. ನಮ್ಮ ಕಲಾವಿದರಿಗೆ ರವಿವರ್ಮರ ಕುಂಚಕ್ಕಿಂತ ಇಂಥ ತಮ್ಮನ ಕೊರತೆ ಹೆಚ್ಚು.

ಆದರೆ ಮುದ್ರಣಾಲಯದ ಕಥೆ ಬೇರೆ. 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರೊಂದಿಗೆ ಶುರುವಾಯಿತು. ಲಕ್ಷ್ಮಿ, ಸರಸ್ವತಿಯರ ಪ್ರತಿಗಳು ದೇಶವೆಲ್ಲ ಹಬ್ಬಿದವು. ಆದರೂ ಸಾಲ ತೀರಲಿಲ್ಲ. ಪ್ಲೇಗ್ ಬಂತು, ಪ್ರೆಸ್ಸು ಲೋನಾವಳದ ಬಳಿಯ ಮಳವಳಿ ಎಂಬ ಊರಿಗೆ ಹೋಯಿತು (ನಮ್ಮ ಮಂಡ್ಯದ ಮಳವಳ್ಳಿಯಲ್ಲ), ಕೊನೆಗೆ ಅಲ್ಲಿಯೇ ಇದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೀಷರ್ ಕೈಗೆ ಮಾರಾಟವಾಯಿತು. 1906ರಲ್ಲಿ ರವಿವರ್ಮ ತೀರಿಕೊಂಡರು, ಪ್ರೆಸ್ಸು ಮಾತ್ರ ಅವರ ಹೆಸರಿನಲ್ಲೇ ದಶಕಗಳ ಕಾಲ ಓಡಿತು. ಚಿತ್ರಕಾರನಿಗೆ ನಷ್ಟ ತಂದ ಅದೇ ಚಿತ್ರಗಳು ವ್ಯಾಪಾರ ಬಲ್ಲವನ ಕೈಯಲ್ಲಿ ದುಡಿದವು. ಜಗನ್ಮೋಹನ ಅರಮನೆಗೆ ಹೋದಾಗ ಮೂಲಚಿತ್ರಗಳನ್ನು ನೋಡುತ್ತಾ ನನಗೆ ಬರುವುದು ಇದೇ ಯೋಚನೆ: ಬರೆಯುವುದನ್ನು ಬಿಟ್ಟು ಅಚ್ಚುಕೂಟದ ಸಾಲಗಾರರಿಗೆ ಉತ್ತರಿಸುತ್ತಾ ಕಳೆದ ವರ್ಷಗಳಲ್ಲಿ ಇನ್ನೆಷ್ಟು ಚಿತ್ರ ಬರುತ್ತಿದ್ದವೋ.

ಆದ್ದರಿಂದ ಹುಡುಗರೇ, ವ್ಯವಹಾರ ಬಲ್ಲವರಾಗಿ ಎಂದು ನಿಮಗೆ ಹೇಳುವವರೆಲ್ಲ ನಿಮ್ಮನ್ನು ಅಂಗಡಿ ತೆರೆಯಿರಿ ಎಂದು ಹೇಳುತ್ತಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಏನನ್ನು ಮಾರಕೂಡದು ಎಂದು ತಿಳಿದರೆ ಚಿತ್ರಕಾರನಿಗೆ ಅಷ್ಟು ವ್ಯವಹಾರ ಸಾಕು.

ಸಂಜೆ ಜಲವರ್ಣ

ಮೇಷ್ಟ್ರೇ, ಅಷ್ಟು ಸಾಲದು. ಪಿಂಚಣಿ ಬರುವವರಿಗೆ ಮಾತ್ರ ಅಷ್ಟು ಸಾಕು.

ಗದಗಿನ ಡ್ರಾಯಿಂಗ್ ಮೇಷ್ಟ್ರು

ಪೆಟ್ಟು ಸರಿಯಾಗಿ ಬಿತ್ತು, ತಂಗೀ. ಆದರೂ ಮಾತು ಹಿಂದೆಗೆದುಕೊಳ್ಳುವುದಿಲ್ಲ.

ಕೆಮ್ಮಣ್ಣು

ಸಾಗರದ ಕಡೆಯವಳು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಮದುವೆಗೆ ಹಸೆಗೋಡೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಬೆಲೆ ಕಟ್ಟುವ ಮಾತೇ ಇರಲಿಲ್ಲ. ನೆಂಟರ ಮನೆಯ ಗೋಡೆಗೆ ಬರೆದರೆ ಎಲೆ ಅಡಿಕೆ, ಊಟ, ಕೆಲವೊಮ್ಮೆ ರವಿಕೆ ಕಣ.

ಈಗ ಕಾಗದಕ್ಕೂ ಬಟ್ಟೆಗೂ ಬರೆಯುತ್ತೇವೆ, ಮಾರುತ್ತೇವೆ. ಒಬ್ಬರು ಬಂದು ನಮ್ಮತ್ತೆ ಬರೆದದ್ದರ ಫೋಟೊ ತೆಗೆದುಕೊಂಡು ಹೋದರು, ಮರುವರ್ಷ ಅದು ದಿಂಬಿನ ಕವಚದ ಮೇಲೆ ಅಚ್ಚಾಗಿ ಬಂತು. ಕಾಸೂ ಇಲ್ಲ, ಹೆಸರೂ ಇಲ್ಲ. ವಕೀಲರು ಹೇಳಿದ ಕಾಯ್ದೆ ನಮಗೂ ಬರುತ್ತದೆಯೇ? ಚಿತ್ತಾರ ಒಬ್ಬರದಲ್ಲವಲ್ಲ.

ಕಲಂ ಹದಿನೇಳು

ನಿಮ್ಮ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು, ಅಕ್ಕ. ತಲೆಮಾರುಗಳಿಂದ ಬಂದ ಎಳೆ, ನಿಲಿ, ಕೊಚ್ಚು ಎಂಬ ಚಿತ್ತಾರದ ವಿನ್ಯಾಸಗಳ ಮೇಲೆ ಒಬ್ಬರ ಕೃತಿಸ್ವಾಮ್ಯ ನಿಲ್ಲುವುದಿಲ್ಲ. ಆದರೆ ನಿಮ್ಮ ಅತ್ತೆಯವರು ತಮ್ಮ ಬುದ್ಧಿಯಿಂದ ಜೋಡಿಸಿ ಬರೆದ ಒಂದು ನಿರ್ದಿಷ್ಟ ಚಿತ್ತಾರ ಅವರ ಕೃತಿ. ಅದನ್ನೇ ಫೋಟೊ ತೆಗೆದು ಅಚ್ಚು ಹಾಕಿದ್ದರೆ ಕೇಳುವ ಹಕ್ಕು ಅವರಿಗಿದೆ. ಬರೆದ ಪ್ರತಿಯೊಂದು ಚಿತ್ತಾರದ ಫೋಟೊವನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳಿ, ಹಿಂಬದಿಗೆ ಅತ್ತೆಯವರ ಸಹಿ ಹಾಕಿಸಿ.

ಕೆಮ್ಮಣ್ಣು

ಸಹಿ ಹಾಕು ಎಂದರೆ ನಗುತ್ತಾರೆ. ಹಾಕಿಸುತ್ತೇನೆ.

ಖಾಲಿ ಗೋಡೆ

ಕೊಳ್ಳುವವನಾಗಿ ನನ್ನದೂ ಒಂದು ಮಾತು. ಸಂತೆಗೆ ಪ್ರತಿ ವರ್ಷ ಹೋಗುತ್ತೇನೆ. ಚಿತ್ರಕಾರರು ಎರಡು ಬಗೆ. ಒಬ್ಬರು ಮೊಬೈಲ್ ನೋಡುತ್ತಾ ಕುಳಿತಿರುತ್ತಾರೆ, ಬೆಲೆ ಕೇಳಿದರೆ ಬೇಸರದಿಂದ ಹೇಳುತ್ತಾರೆ. ಇನ್ನೊಬ್ಬರು ನಾವು ನಿಂತ ಕೂಡಲೇ ಚಿತ್ರದ ತತ್ತ್ವವನ್ನು ವಿವರಿಸತೊಡಗುತ್ತಾರೆ. ಇಬ್ಬರಿಂದಲೂ ಓಡುತ್ತೇನೆ. ನಾನು ಕೊಂಡದ್ದು ಹಂಪಿಯ ಬಂಡೆಗಳ ಒಂದು ಚಿತ್ರವನ್ನು. ಬರೆದವರು ‘ಇದು ಬೆಳಿಗ್ಗೆ ಅಲ್ಲ, ಮಧ್ಯಾಹ್ನ ಎರಡು ಗಂಟೆಯ ಬಿಸಿಲು, ಆ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದರು. ಹಿಂಬದಿಯಲ್ಲಿ ಹೆಸರು, ವರ್ಷ, ಬಳಸಿದ ಬಣ್ಣ, ಫೋನ್ ಸಂಖ್ಯೆ ಇರುವ ಚೀಟಿ ಅಂಟಿಸಿದ್ದರು. ಎರಡನೆಯ ಚಿತ್ರವನ್ನೂ ಅವರ ಬಳಿಯೇ ತೆಗೆದುಕೊಂಡೆ. ಆ ಚೀಟಿ ಇಲ್ಲದಿದ್ದರೆ ಅವರನ್ನು ಹುಡುಕುತ್ತಲೇ ಇರಲಿಲ್ಲ.

ಏಳನೇ ಕುದುರೆ

ಗ್ಯಾಲರಿಗಳ ಬಗ್ಗೆ ಯಾರೂ ಬಾಯಿಬಿಡಲಿಲ್ಲ. ಕಮಿಷನ್ ಮೂವತ್ತರಿಂದ ಐವತ್ತು ಪ್ರತಿಶತ. ಕೇಳಿ ಎದೆ ಒಡೆದುಕೊಂಡು ‘ಸ್ಟುಡಿಯೋಗೆ ಬನ್ನಿ, ಅರ್ಧಕ್ಕೆ ಕೊಡುತ್ತೇನೆ’ ಎಂದು ಗಿರಾಕಿಯ ಕಿವಿಯಲ್ಲಿ ಹೇಳುವವರಿದ್ದಾರೆ. ಒಂದು ಸಲ ಗೊತ್ತಾದರೆ ಆ ಗ್ಯಾಲರಿ ಮತ್ತೆ ಕರೆಯುವುದಿಲ್ಲ, ಪಕ್ಕದ ಗ್ಯಾಲರಿಗೂ ಸುದ್ದಿ ತಲುಪಿರುತ್ತದೆ. ಬೆಲೆ ಎಲ್ಲ ಕಡೆಯೂ ಒಂದೇ ಇರಬೇಕು, ಕಮಿಷನ್ ಅದರೊಳಗೇ ಇರಬೇಕು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆ. ರೆಸಾರ್ಟ್‌ನವರೊಂದಿಗೆ ಮಾತಾಯಿತು, ಮೊದಲ ಸಲ ಕಾಗದ ಪೆನ್ನು ಹಿಡಿದು ಕುಳಿತಿದ್ದೆ. ಮೊತ್ತವನ್ನು ಅವರು ಏರಿಸಲಿಲ್ಲ. ಫ್ರೇಮು, ಸಾಗಣೆ ಅವರ ಖರ್ಚಿಗೆ ಹೋಯಿತು, ಹಾಗಾಗಿ ನನ್ನ ಪಾಲು ತಾನಾಗಿ ಏರಿತು. ಕೃತಿಸ್ವಾಮ್ಯ ನನ್ನದು. ಜಾಲತಾಣ ಮತ್ತು ಕರಪತ್ರಕ್ಕೆ ಐದು ವರ್ಷದ ಪರವಾನಗಿ. ವಸ್ತುಗಳ ಮೇಲೆ ಮುದ್ರಿಸುವುದಾದರೆ ಆಗ ಪ್ರತ್ಯೇಕ ಮಾತುಕತೆ. ಪೆನ್ಸಿಲ್ ಕರಡನ್ನು ಒಮ್ಮೆ ತಿದ್ದಬಹುದು, ಬಣ್ಣ ಹಚ್ಚಿದ ಮೇಲೆ ತಿದ್ದುಪಡಿಗೆ ಬೇರೆ ಹಣ. ಮುಂಗಡ ನಲವತ್ತು ಪ್ರತಿಶತ.

ಪರದೆಯ ಬಟ್ಟೆಯನ್ನು ಈಸಲ್‌ಗೆ ಸಿಕ್ಕಿಸಿಕೊಂಡು ಒಂದು ಚಿಕ್ಕ ಪ್ರಯೋಗ ಮಾಡಿದೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಸಾಸಿವೆ ಹಳದಿಯನ್ನು ತೋಟದೊಳಗಿನ ಕೂಲಿಯವರ ಲೈನ್ ಮನೆಗಳ ಬಲ್ಬಿಗೆ ಮಾತ್ರ ಇಟ್ಟು, ಉಳಿದದ್ದೆಲ್ಲವನ್ನೂ ನೀಲಿ ಮಂಜು ಮಾಡಿದರೆ ಚಿತ್ರಕ್ಕೆ ಒಂದು ಬಗೆಯ ಬಿಗಿ ಬರುತ್ತಿದೆ. ಕಾಫಿ ಗಿಡದ ಹಸಿರು ಇಲ್ಲದೆ ಕಾಫಿ ತೋಟ ಬರೆಯುವ ಯೋಚನೆ ನನಗೆ ತಾನಾಗಿ ಬರುತ್ತಿರಲಿಲ್ಲ.

ಜಿಎಸ್‌ಟಿ ಬಗ್ಗೆ ಅವರು ಕೇಳಿದರು, ಉತ್ತರ ಗೊತ್ತಿರಲಿಲ್ಲ.

ಸಂಜೆ ಜಲವರ್ಣ

ಕೈಯಿಂದ ಬರೆದ ವರ್ಣಚಿತ್ರಕ್ಕೆ 2025ರ ಸೆಪ್ಟೆಂಬರ್ 22ರಿಂದ ದರ 5 ಪ್ರತಿಶತ, ಅದಕ್ಕೂ ಮೊದಲು 12 ಇತ್ತು. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನೀವು ತರಗತಿಯನ್ನೂ ನಡೆಸುತ್ತೀರಿ, ಅದು ಸೇವೆ, ಹಾಗಾಗಿ ನಿಮ್ಮ ಮಿತಿ 20 ಲಕ್ಷ. ಸದ್ಯಕ್ಕೆ ಎರಡರಿಂದಲೂ ನೀವು ದೂರದಲ್ಲಿದ್ದೀರಿ ಎಂದುಕೊಂಡಿದ್ದೇನೆ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ನೆನಪಿರಲಿ. ಅವರು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದುಕೊಂಡರೆ ಪ್ರಮಾಣಪತ್ರ ಕೇಳಿ ಪಡೆಯಿರಿ.

ಚೌಕಟ್ಟಿನ ಕೆಲಸ

ಮೈಸೂರಿನಲ್ಲಿ ಫ್ರೇಮ್ ಅಂಗಡಿ ಇಟ್ಟಿದ್ದೇನೆ. ಇಷ್ಟೆಲ್ಲ ಮಾತಿನಲ್ಲಿ ಚಿಕ್ಕಮಗಳೂರಿನ ಮಳೆಯನ್ನು ಎಲ್ಲರೂ ಚಿತ್ರದ ವಸ್ತುವೆಂದೇ ತಿಳಿದಿದ್ದೀರಿ. ಆ ತೇವದಲ್ಲಿ ಕ್ಯಾನ್ವಾಸ್‌ನ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಫ್ರೇಮು ಅವರ ಖರ್ಚಾದರೂ ಹೇಗಿರಬೇಕೆಂದು ಕರಾರಿನಲ್ಲಿ ನೀವೇ ಬರೆಯಿರಿ: ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ನಾಲ್ಕು ಮೂಲೆಗೆ ರಬ್ಬರ್ ಗುಂಡಿ, ಹಿಂದೆ ಮುಚ್ಚುಹಲಗೆ, ಸ್ನಾನದ ಮನೆಯ ಹಂಚು ಗೋಡೆಗೆ ಚಿತ್ರ ಹಾಕಕೂಡದು. ಮೂರು ವರ್ಷದ ಮೇಲೆ ಬಣ್ಣ ಎದ್ದರೆ ಅವರು ಫೋನ್ ಮಾಡುವುದು ಫ್ರೇಮಿನವನಿಗಲ್ಲ, ನಿಮಗೆ.

ತುಂಗಾತೀರ

ಕ್ಯಾನ್ವಾಸನ್ನು ಸುರುಳಿ ಸುತ್ತಿ ಕಳಿಸಿ, ಅಲ್ಲಿಯೇ ಸ್ಟ್ರೆಚರ್‌ಗೆ ಬಿಗಿಯಬಹುದೇ? ಸಾಗಣೆ ಸುಲಭವಾಗುತ್ತದೆ ಎನ್ನುತ್ತಿದ್ದಾರೆ.

ಚೌಕಟ್ಟಿನ ಕೆಲಸ

ಬಹುದು. ಬಣ್ಣದ ಮುಖ ಹೊರಕ್ಕೆ ಬರುವಂತೆ ಸುತ್ತಬೇಕು, ಒಳಕ್ಕೆ ಸುತ್ತಿದರೆ ಬಣ್ಣ ಒತ್ತಿ ಸೀಳುತ್ತದೆ. ಅಗಲ ಕೊಳವೆ ತೆಗೆದುಕೊಳ್ಳಿ, ಮೇಲೆ ಬಟರ್ ಪೇಪರ್ ಸುತ್ತಿ. ದಪ್ಪ ಬಣ್ಣ ಹಚ್ಚಿದ ಚಿತ್ರಗಳನ್ನು ಮಾತ್ರ ಸುತ್ತಬೇಡಿ. ಬಿಗಿಯಲು ಅಂಚಿನಲ್ಲಿ ಸುತ್ತಲೂ ಮೂರು ಅಂಗುಲ ಖಾಲಿ ಬಿಟ್ಟಿದ್ದೀರಿ ತಾನೇ?

ತುಂಗಾತೀರ

ಇನ್ನೂ ಕ್ಯಾನ್ವಾಸ್ ಕತ್ತರಿಸಿಲ್ಲ. ಮುಂಗಡ ಸೋಮವಾರ ಬರುತ್ತದಂತೆ.

ಸಂಜೆ ಜಲವರ್ಣ

ಬಂದ ಮೇಲೆ ಕತ್ತರಿಸಿ.